ಸವುಳು ನೀರು, ಬಿರುಬಿಸಿಲು, ಎರಡಡಿ ಟ್ಯಾಂಕು: ವಿಜಯಪುರದಿಂದ ಗಿಡಗಳ ವರದಿ

ಜನವರಿ, ಸಿದ್ಧೇಶ್ವರ ಜಾತ್ರೆ ಮುಗಿದ ವಾರ

ಮನೆಯ ಗಾಜಿನ ಮೀನಿನ ಟ್ಯಾಂಕಿನಲ್ಲಿ ನೀರೊಳಗಿನ ಗಿಡ ಬೆಳೆಸುತ್ತಿದ್ದೇನೆ. ಟ್ಯಾಂಕು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಲ್ಲು, ಮರಳು ಹಾಕಿದ ಮೇಲೆ ನೀರು ಹಿಡಿಯುವುದು ಸುಮಾರು 48 ಲೀಟರ್. ಒಂದು ಸ್ಪಾಂಜ್ ಫಿಲ್ಟರ್, ಟೈಮರ್‌ಗೆ ಸಿಕ್ಕಿಸಿದ ಒಂದು ಎಲ್‌ಇಡಿ ಲೈಟು, ಅಷ್ಟೇ. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಒ2 ಸಿಲಿಂಡರ್ ಇಲ್ಲ, ತರುವ ಯೋಚನೆಯೂ ಇಲ್ಲ. ಮೀನು ಆಮೇಲೆ ನೋಡೋಣ. ಈ ಸಲ ಗಿಡವೇ ಮುಖ್ಯ.

ನಮ್ಮ ಓಣಿಯ ಬೋರಿನ ನೀರು ಸವುಳು. ಅದರಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ವರ್ಷದೊಳಗೆ ಬೆಳ್ಳಗೆ ಸುಣ್ಣ ಹಿಡಿಯುತ್ತದೆ. ಅಳೆದರೆ ಟಿಡಿಎಸ್ (ಕರಗಿದ ಲವಣ) 900ರ ಆಸುಪಾಸು, ಕೆಎಚ್ (ಕಾರ್ಬೊನೇಟ್ ಗಡಸುತನ) 14, ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 8 ದಾಟಿದೆ. ವಿಡಿಯೋಗಳಲ್ಲಿ ಕಾಣುವ ಕೆಂಪು ಗಿಡದ ಟ್ಯಾಂಕುಗಳು ಹೆಚ್ಚಾಗಿ ಮೆದು ನೀರಿನವು. ಹಾಗೆ ಬೇಕೆಂದರೆ ಪೂರ್ತಿ ಆರ್‌ಓ ನೀರು ತುಂಬಿ, ತೆಗೆದ ಖನಿಜವನ್ನೇ ಮತ್ತೆ ದುಡ್ಡು ಕೊಟ್ಟು ಬೆರೆಸಬೇಕು. ನನಗದು ಯಾಕೋ ಸರಿ ಬರಲಿಲ್ಲ. ಈ ನೀರಿಗೆ ಒಗ್ಗುವ ಗಿಡಗಳನ್ನೇ ಆರಿಸಿದೆ: ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಅನುಬಿಯಾಸ್, ಒಂದಷ್ಟು ಕ್ರಿಪ್ಟ್ (ಕ್ರಿಪ್ಟೊಕೊರೈನ್), ಒಂದು ಅಮೆಜಾನ್ ಸ್ವೋರ್ಡ್.

ಹೈಡ್ರಿಲ್ಲಾ ಗೆಳೆಯನ ಹೊಲದ ಕೃಷಿ ಹೊಂಡದ್ದು. ಸದ್ಯ ಅದು ಬೇರೆ ಬಕೆಟ್‌ನಲ್ಲಿದೆ. ಹೊಂಡದ ಗಿಡದ ಜೊತೆ ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತವೆ. ಆ ಮರಿ ಸಣ್ಣ ಮೀನನ್ನು ಹಿಡಿದು ತಿನ್ನುತ್ತದೆ. ಅನುಬಿಯಾಸನ್ನು ಮರಳಿನಲ್ಲಿ ಹೂಳದೆ ಕಲ್ಲಿಗೆ ದಾರ ಸುತ್ತಿ ಕಟ್ಟಿದ್ದೇನೆ. ಅದರ ದಪ್ಪ ಗಡ್ಡೆ ಮುಚ್ಚಿದರೆ ಕೊಳೆಯುತ್ತದೆ.

ಫೆಬ್ರವರಿ, ಶಿವರಾತ್ರಿ ಹೊತ್ತಿಗೆ

ಕ್ರಿಪ್ಟ್ ಎಲೆಗಳೆಲ್ಲ ಕರಗಿ ಲೋಳೆಯಾದವು. ಜಾಗ ಬದಲಾದರೆ ಅದು ಹೀಗೇ. ಬೇರು ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ, ಕೀಳಬೇಡಿ. ಗಾಜಿನ ಮೇಲೆ, ಕಲ್ಲಿನ ಮೇಲೆ ಕಂದು ಧೂಳು ಕೂತಿದೆ. ಇದು ಡಯಾಟಮ್ ಅನ್ನುವ ಪಾಚಿ, ಹೊಸ ಟ್ಯಾಂಕಿನಲ್ಲಿ ಇದ್ದದ್ದೇ. ಹಳೇ ಟೂತ್‌ಬ್ರಷ್ ಸಾಕು. ಲೈಟು ದಿನಕ್ಕೆ 6 ಗಂಟೆ ಮಾತ್ರ.

ಮಾರ್ಚ್, ಯುಗಾದಿ ಮುಂಚೆ

ಹೈಡ್ರಿಲ್ಲಾ ಟ್ಯಾಂಕಿಗೆ ಬಂದು ಹಬ್ಬುತ್ತಿದೆ. ಗಪ್ಪಿ ಮೀನುಗಳೂ ಬಂದಿವೆ, ಅವಕ್ಕೆ ಗಡಸು ನೀರೇ ಇಷ್ಟ. ಈ ತಿಂಗಳ ಮಜಾ ಇರುವುದು ಹೈಡ್ರಿಲ್ಲಾ ಎಲೆಯಲ್ಲಿ. ಹಳೇ ಎಲೆಗಳ ಮೇಲೆ ಬಿಳಿ ಪುಡಿ ಬಳಿದ ಹಾಗೆ ಕಾಣುತ್ತದೆ. ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯಂತೆ ತರಿತರಿ. ತಟ್ಟೆಯಲ್ಲಿಟ್ಟು ಇಂಡಿ ಲಿಂಬೆಯ ರಸ ಒಂದು ಹನಿ ಹಾಕಿದೆ. ಎಲೆಯ ಅಂಚಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಬಿಳಿ ಹೋಗಿ ಹಸಿರು ಎಲೆ ಉಳಿಯಿತು. ಗೀಸರಿನಲ್ಲಿ ಕೂರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್!

ಯಾಕೆ ಅಂದರೆ, ಪಿಎಚ್ 8ರ ಮೇಲಿರುವ ನೀರಿನಲ್ಲಿ ಗಿಡಕ್ಕೆ ನೇರವಾಗಿ ಸಿಗುವ ಕಾರ್ಬನ್ ಡೈಆಕ್ಸೈಡ್ ಬಹಳ ಕಮ್ಮಿ. ಇರುವುದೆಲ್ಲ ಬೈಕಾರ್ಬೊನೇಟ್ ರೂಪದಲ್ಲಿ. ಎಲ್ಲ ಗಿಡಕ್ಕೂ ಅದನ್ನು ಬಳಸಲು ಬರುವುದಿಲ್ಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗೆ ಬರುತ್ತದೆ. ಅವು ಬೈಕಾರ್ಬೊನೇಟಿನಿಂದ ಕಾರ್ಬನ್ ಎಳೆದುಕೊಳ್ಳುತ್ತವೆ, ಎಲೆಯ ಮೇಲೆ ಸುಣ್ಣ ಕೂರುತ್ತದೆ. ಬೇಳೆ ಬೇಯಿಸದ ನೀರೇ ಇವಕ್ಕೆ ಊಟ. ಅನುಬಿಯಾಸ್ ನಿಧಾನದ ಗಿಡ, ಇದ್ದಷ್ಟರಲ್ಲೇ ಬದುಕುತ್ತದೆ.

ಯುಗಾದಿ ಆದ ಮೇಲೆ

ಅಮೆಜಾನ್ ಸ್ವೋರ್ಡ್‌ನ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಹಳೇ ಎಲೆ ಸರಿಯಾಗಿದೆ. ಇದನ್ನು ಗಮನಿಸಬೇಕು. ಸಾರಜನಕ ಕಮ್ಮಿಯಾದರೆ ಗಿಡ ಹಳೇ ಎಲೆಯಿಂದ ಎಳೆದು ಹೊಸದಕ್ಕೆ ಕೊಡುತ್ತದೆ, ಆಗ ಹಳೇದು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ, ಅದಕ್ಕೇ ಹೊಸ ಎಲೆಗೆ ಪೆಟ್ಟು. ಸುಣ್ಣದ ಅಂಶ ಜಾಸ್ತಿ ಇರುವ ಹೊಲದಲ್ಲಿ ದ್ರಾಕ್ಷಿ, ಲಿಂಬೆ ಗಿಡ ಹಳದಿ ತಿರುಗುವುದೂ ಇದೇ ಕಾರಣಕ್ಕೆ. ಮದ್ದೂ ಅಲ್ಲೇ ಸಿಗುತ್ತದೆ ಅಲ್ವಾ ಅಂತ ಗೊಬ್ಬರದ ಅಂಗಡಿಗೆ ಹೋದೆ.

"ದ್ರಾಕ್ಷಿಗೋ, ಲಿಂಬಿಗೋ? ಎಷ್ಟ ಎಕರೆ ರೀ?"

"ಮೀನಿನ ಟ್ಯಾಂಕಿಗ್ರಿ. ಎರಡ ಫೂಟ್ ಐತಿ."

ಅಂಗಡಿಯವರು ಕನ್ನಡಕ ಇಳಿಸಿ ನೋಡಿದರು. ಆದರೂ ಸಣ್ಣ ಪಾಕೀಟು ಹುಡುಕಿ ಕೊಟ್ಟರು.

ಚೀಲೇಟೆಡ್ ಕಬ್ಬಿಣದಲ್ಲಿ, ಅಂದರೆ ತುಕ್ಕಾಗದಂತೆ ಇನ್ನೊಂದು ವಸ್ತು ಹಿಡಿದಿಟ್ಟ ಕಬ್ಬಿಣದಲ್ಲಿ, ವಿಧಗಳಿವೆ. ಅಗ್ಗದ ಇಡಿಟಿಎ ನಮ್ಮಂಥ ನೀರಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಅದು ತುಕ್ಕಾಗಿ ತಳ ಸೇರುತ್ತದೆ. ಇಡಿಡಿಎಚ್‌ಎ ಅನ್ನುವುದು ಹೆಚ್ಚಿನ ಪಿಎಚ್‌ನಲ್ಲೂ ನಿಲ್ಲುತ್ತದೆ. ಪಾಕೀಟಿನ ಮೇಲೆ ಕಬ್ಬಿಣ 6% ಅಂತಿತ್ತು. 4 ಗ್ರಾಂ ಪುಡಿಯನ್ನು ಅರ್ಧ ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ ಕಪ್ಪು ಬಾಟಲಿಯಲ್ಲಿಟ್ಟಿದ್ದೇನೆ. ಅದರಿಂದ 10 ಎಂಎಲ್ ಹಾಕಿದರೆ ನನ್ನ ಟ್ಯಾಂಕಿಗೆ ಲೀಟರಿಗೆ 0.1 ಮಿಲಿಗ್ರಾಂ ಕಬ್ಬಿಣ ಸಿಗುತ್ತದೆ. ವಾರಕ್ಕೊಮ್ಮೆ. ನೀರು ತುಸು ಕೆಂಪಗಾಗುತ್ತದೆ, ಗಾಬರಿ ಬೇಡ. ಎಲ್ಲ ಲಘು ಪೋಷಕಾಂಶ ಸೇರಿದ ಮಿಕ್ಸ್ ಮಾತ್ರ ತರಬೇಡಿ. ಅದರಲ್ಲಿ ತಾಮ್ರ ಇರುತ್ತದೆ, ಬಸವನಹುಳ, ಸಿಗಡಿಗೆ ವಿಷ.

ಏಪ್ರಿಲ್, ಮೇ

ಈಗ ನಿಜವಾದ ಪರೀಕ್ಷೆ. ಹೊರಗೆ 40 ಡಿಗ್ರಿ ದಾಟಿದೆ, ಟ್ಯಾಂಕಿನ ನೀರು ಮಧ್ಯಾಹ್ನ 33. ನೀರು ತಣಿಸುವ ಚಿಲ್ಲರ್ ಬೆಲೆ ಕೇಳಿ ಸುಮ್ಮನಾದೆ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ನೀರಿನ ಮೇಲೆ ಓರೆಯಾಗಿ ಕಟ್ಟಿದೆ. ನಮ್ಮ ಕಡೆಯ ಗಾಳಿ ಒಣ, ನೀರು ಬೇಗ ಆವಿಯಾಗುತ್ತದೆ, ಆ ಆವಿ ಬಿಸಿಯನ್ನೂ ಹೊತ್ತೊಯ್ಯುತ್ತದೆ. 33 ಇದ್ದದ್ದು 30ಕ್ಕೆ ಇಳಿಯಿತು. ಕರಾವಳಿಯ ಸೆಕೆಯಲ್ಲಿ ಇಷ್ಟು ಇಳಿಯುವುದು ಕಷ್ಟ.

ಆದರೆ ದಿನಕ್ಕೆ ಒಂದೂವರೆ ಲೀಟರ್ ನೀರು ಆರುತ್ತದೆ. ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಅಲ್ಲಿಗೆ ಮತ್ತೆ ಬೋರಿನ ನೀರು ಸುರಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಆರಿದ್ದಕ್ಕೆ ಮಾತ್ರ ಓಣಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರು. ವಾರದ ಬದಲಾವಣೆಗೆ 10 ಲೀಟರ್ ಬೋರಿನದೇ.

ತೆಗೆದ ನೀರಿಗೆ ಅವ್ವ ಕಾಯುತ್ತಿರುತ್ತಾಳೆ. "ಬಚ್ಚಲಿಗೆ ಚೆಲ್ಲಬ್ಯಾಡೋ, ಕರಿಬೇವಿಗೆ ಹಾಕು." ಕರಿಬೇವು ಈ ಬೇಸಿಗೆಯಲ್ಲೂ ದಟ್ಟವಾಗಿದೆ.

ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ ಕರಗುತ್ತದೆ. ರಾತ್ರಿ ಗಿಡಗಳೂ ಉಸಿರಾಡಿ ಅದನ್ನೇ ಬಳಸುತ್ತವೆ. ಹೈಡ್ರಿಲ್ಲಾ ದಟ್ಟವಾದಾಗ ಬೆಳಗಿನ ಜಾವ ಗಪ್ಪಿಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಅರ್ಧ ಹೈಡ್ರಿಲ್ಲಾ ಕತ್ತರಿಸಿ, ಏರ್ ಪಂಪನ್ನು ಇನ್ವರ್ಟರ್ ಲೈನಿಗೆ ಹಾಕಿದ ಮೇಲೆ ನಿಂತಿತು. ಲೈಟನ್ನು ಸಂಜೆ 5ರಿಂದ 11ಕ್ಕೆ ಬದಲಿಸಿದ್ದೇನೆ. ಮಧ್ಯಾಹ್ನದ ಕಾವಿಗೆ ಲೈಟಿನ ಕಾವು ಸೇರುವುದು ಬೇಡ.

ರೋಹಿಣಿ ಮಳೆ

ಒಂದು ದೊಡ್ಡ ಮಳೆ ಬಿತ್ತು, ನೀರು 28ಕ್ಕೆ ಬಂತು. ಸ್ವೋರ್ಡ್‌ನ ಹಳದಿ ಎಲೆ ಹಸಿರಾಗಲಿಲ್ಲ, ಆದರೆ ಆಮೇಲೆ ಬಂದ ಎಲೆಗಳೆಲ್ಲ ಕಡುಹಸಿರು. ವ್ಯಾಲಿಸ್ನೇರಿಯಾ ಬಳ್ಳಿ ಬಿಟ್ಟು ಮುಂದಿನ ಗಾಜಿನವರೆಗೆ ಬಂದಿದೆ. ಕ್ರಿಪ್ಟ್‌ಗಳಲ್ಲಿ ಅರ್ಧ ಮಾತ್ರ ಉಳಿದವು. ಬಿಸಿಗೆ ಅವು ಇನ್ನೊಮ್ಮೆ ಕರಗಿದವು. ಇನ್ನು ಅವನ್ನು ತರುವುದಿಲ್ಲ.

ಅನುಬಿಯಾಸ್‌ನ ಹಳೇ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಶುರುವಾಗಿದೆ. ಪೊಟ್ಯಾಷ್ ಕೊರತೆ ಇರಬೇಕು. ಅದೇ ಗೊಬ್ಬರದ ಅಂಗಡಿಯಲ್ಲಿ ಸಲ್ಫೇಟ್ ಆಫ್ ಪೊಟ್ಯಾಷ್ ಸಿಗುತ್ತದೆ. ಮಳೆ ಹಿಡಿದ ಮೇಲೆ ಫ್ಯಾನ್ ಬಿಚ್ಚಿ, ಲೈಟನ್ನು 7 ಗಂಟೆಗೆ ಏರಿಸಿ ನೋಡುತ್ತೇನೆ. ಗಾಜಿನ ಮೇಲೆ ಪಾಚಿಯ ಹಸಿರು ಚುಕ್ಕಿ ಜಾಸ್ತಿಯಾದರೆ ಮತ್ತೆ 6ಕ್ಕೇ.