ಡೆಲಿವರಿ ಆ್ಯಪ್‌ಗೆ ಇಡೀ ಮೆನು ಕೊಡಬೇಡಿ

ಬೆಂಗಳೂರಿನ ಒಂದು ದರ್ಶಿನಿ ಸ್ವಿಗ್ಗಿ, ಜೊಮ್ಯಾಟೊ ಸೇರಬೇಕೋ ಬೇಡವೋ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ತಿಂಡಿಗೂ, ದಿನದ ಒಂದೊಂದು ಹೊತ್ತಿಗೂ ಬೇರೆಬೇರೆಯಾಗಿ ಕೇಳಬೇಕು. ಇಡ್ಲಿಗೆ ಹೌದು, ಪೂರಿಗೆ ಬೇಡ. ಮಧ್ಯಾಹ್ನ ಮೂರಕ್ಕೆ ಹೌದು, ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬೇಡ.

ಮೊದಲು ಲೆಕ್ಕ. ಕಮಿಷನ್ ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. 22 ಪರ್ಸೆಂಟ್ ಎಂದುಕೊಳ್ಳೋಣ. 200 ರೂಪಾಯಿ ಬಿಲ್ಲಿಗೆ ಕಮಿಷನ್ 44 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಸುಮಾರು 52. ಡಬ್ಬಿ, ಕಪ್ಪು, ಚೀಲಕ್ಕೆ 16. ದಿನಸಿ, ತರಕಾರಿಗೆ 35 ಪರ್ಸೆಂಟ್ ಹಿಡಿದರೆ 70. ಉಳಿದದ್ದು 62 ರೂಪಾಯಿ. ಇದರಲ್ಲೇ ಗ್ಯಾಸು, ಭಟ್ಟರ ಸಂಬಳ, ಬಾಡಿಗೆ ಎಲ್ಲ ಬರಬೇಕು. ಇನ್ನು ಹೋಟೆಲಿನ ಖರ್ಚಿನಲ್ಲೇ 20 ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರೆ, ಕಳೆದ ಮೊತ್ತದ ಮೇಲೆ ಮಾತ್ರ ಕಮಿಷನ್ ಹಾಕಿದರೂ ಕೈಗೆ ಉಳಿಯುವುದು 32 ರೂಪಾಯಿ ಚಿಲ್ಲರೆ. ಪೂರ್ತಿ ಮೊತ್ತದ ಮೇಲೆ ಹಾಕಿದರೆ ಇನ್ನೂ ಕಡಿಮೆ. ಸಹಿ ಹಾಕುವ ಮೊದಲು ಓದಬೇಕಾದ ಸಾಲು ಇದೇ.

ಕಮಿಷನ್ ಮೇಲಿನ ಆ 18 ಪರ್ಸೆಂಟನ್ನು, 5 ಪರ್ಸೆಂಟ್ ತೆರಿಗೆಯಲ್ಲಿರುವ ಹೋಟೆಲು ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಆಗಿ ವಾಪಸ್ ಪಡೆಯಲಾಗದು. ಅದು ಪೂರ್ತಿ ಖರ್ಚೇ. ಊಟದ ಮೇಲಿನ 5 ಪರ್ಸೆಂಟನ್ನು 2022ರ ಜನವರಿ 1ರಿಂದ ಆ್ಯಪ್‌ನವರೇ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾರೆ. ಆ ವ್ಯಾಪಾರವನ್ನು ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ನ 3.1.1ನೇ ಕೋಷ್ಟಕದಲ್ಲಿ ತೋರಿಸಬೇಕು. ಗಲ್ಲಾದ ವ್ಯಾಪಾರದ ಜೊತೆ ಸೇರಿಸಿಬಿಟ್ಟರೆ ಒಂದೇ ತೆರಿಗೆಯನ್ನು ಎರಡು ಸಲ ಕಟ್ಟಿದಂತಾಗುತ್ತದೆ.

ಲೆಕ್ಕಕ್ಕಿಂತ ಹೆಚ್ಚಾಗಿ ಹೆಸರು ಕೆಡುವುದು ಡಬ್ಬಿಯೊಳಗೆ. ಕಾವಲಿಯಿಂದ ಇಳಿದ ಮಸಾಲೆ ದೋಸೆಯನ್ನು ತಕ್ಷಣ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಗುಲಿ ನೀರಾಗಿ, ದೋಸೆಯ ಮೇಲೇ ತೊಟ್ಟಿಕ್ಕುತ್ತದೆ. ಹತ್ತು ನಿಮಿಷದಲ್ಲಿ ಗರಿ ಹೋಗಿ ಚರ್ಮದಂತಾಗುತ್ತದೆ. ಒಳಗಿರುವ ಬಿಸಿ ಪಲ್ಯ ಅದನ್ನು ಇನ್ನೂ ಮೆತ್ತಗೆ ಮಾಡುತ್ತದೆ. ಹಾಗಾಗಿ ಪಲ್ಯ ಬೇರೆ ಕಪ್ಪಿನಲ್ಲಿರಲಿ. ದೋಸೆ ಒಂದು ನಿಮಿಷ ಜಾಲರಿಯ ಮೇಲೆ ಹಬೆ ಬಿಡಲಿ. ಆಮೇಲೆ ಬಟರ್ ಪೇಪರ್ ಹಾಸಿದ, ತೂತುಗಳಿರುವ ರಟ್ಟಿನ ಡಬ್ಬಿಗೆ ಹಾಕಿ. ಇಷ್ಟು ಮಾಡಿದರೂ ರವೆ ದೋಸೆ ಉಳಿಯುವುದಿಲ್ಲ, ಅದನ್ನು ಮೆನುವಿನಿಂದ ತೆಗೆಯುವುದೇ ಸರಿ. ಸೆಟ್ ದೋಸೆ ಚೆನ್ನಾಗಿ ತಾಳುತ್ತದೆ. ಬಿಸಿಬೇಳೆ ಬಾತ್ ದಾರಿಯಲ್ಲಿ ಗಟ್ಟಿಯಾಗುವುದರಿಂದ ಪಾರ್ಸೆಲ್‌ಗೆ ಸ್ವಲ್ಪ ಸಡಿಲವಾಗಿ ಇಳಿಸಬೇಕು. ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸದೆ ಬೇರೆಯಾಗಿ ಕಳಿಸಬೇಕು. ತೆಂಗಿನಕಾಯಿ ಚಟ್ನಿ ಬಿಸಿ ಡಬ್ಬಿಗೆ ಒತ್ತಿಕೊಂಡರೆ ಹುಳಿಯಾಗುತ್ತದೆ. ಚೀಲದಲ್ಲಿ ಅದರ ಜಾಗ ಎಲ್ಲಕ್ಕಿಂತ ಮೇಲೆ.

ಯಾವ ತಿಂಡಿ ಸೇರಿಸುವ ಮೊದಲೂ ಒಂದು ಪರೀಕ್ಷೆ ಮಾಡಿ: ಗಿರಾಕಿಗೆ ಕಟ್ಟಿದಂತೆಯೇ ಕಟ್ಟಿ, ಮೂವತ್ತೈದು ನಿಮಿಷ ಗಲ್ಲಾ ಪಕ್ಕ ಇಟ್ಟು, ತೆರೆದು, ಆ ದೋಸೆ ಹುಯ್ದ ಭಟ್ಟರಿಗೇ ತಿನ್ನಲು ಕೊಡಿ. ಅವರ ಮುಖ ನೋಡಿದರೆ ಸಾಕು. ದಿನವಿಡೀ ಕಾವಲಿಯ ಝಳಕ್ಕೆ ನಿಂತು ಮಾಡಿದ ಕೆಲಸ ರಟ್ಟಿನ ಡಬ್ಬಿಯಲ್ಲಿ ಕೆಡುವುದು ನಿಜಕ್ಕೂ ಸಂಕಟದ ವಿಷಯ.

ಹೊತ್ತಿನ ಪ್ರಶ್ನೆಯೂ ಕಾವಲಿಯದೇ. ಒಂದು ಕಾವಲಿಯಲ್ಲಿ ಒಂದು ಸಲಕ್ಕೆ ಎಂಟು ದೋಸೆ ಎಂದಿಟ್ಟುಕೊಳ್ಳಿ. ಬೆಳಗಿನ ನೂಕುನುಗ್ಗಲಲ್ಲಿ ಆರು ಪಾರ್ಸೆಲ್ ನುಗ್ಗಿದರೆ, ಕಮಿಷನ್ ಇಲ್ಲದೆ ಪೂರ್ತಿ ದುಡ್ಡು ಕೊಟ್ಟು ಟೋಕನ್ ಹಿಡಿದು ನಿಂತವರು ಕಾಯುತ್ತಾರೆ. ಆ ಹೊತ್ತಿನಲ್ಲಿ ಆ್ಯಪ್ ಬಂದ್ ಮಾಡಿ, ಇಲ್ಲವೇ ದೋಸೆ ತೆಗೆದು ಇಡ್ಲಿ, ಖಾರಾಬಾತ್ ಮಾತ್ರ ಬಿಡಿ. ಮುಗಿದ ಐಟಂ ಅನ್ನು ಟ್ಯಾಬ್‌ನಲ್ಲಿ ಆಫ್ ಮಾಡುವ ಕೆಲಸ ಒಬ್ಬರದ್ದೇ ಆಗಿರಲಿ. ಎಲ್ಲರದ್ದೂ ಎಂದರೆ ಯಾರೂ ಮಾಡುವುದಿಲ್ಲ, ಆರ್ಡರ್ ಕ್ಯಾನ್ಸಲ್ ಆಗಿ ರೇಟಿಂಗ್ ಬೀಳುತ್ತದೆ. ಕಟ್ಟುವ ಮೊದಲೇ ‘ರೆಡಿ’ ಒತ್ತುವ ಅಭ್ಯಾಸವನ್ನೂ ಬಿಡಿಸಿ. ರೈಡರ್ ಬಿಸಿಲಲ್ಲಿ ಸುಮ್ಮನೆ ಕಾಯುತ್ತಾರೆ, ಅವರ ಸಂಪಾದನೆ ನಿಂತಿರುವುದು ದಿನಕ್ಕೆ ಎಷ್ಟು ಆರ್ಡರ್ ಮುಗಿಸಿದರು ಎನ್ನುವುದರ ಮೇಲೆ.

‘ಚಟ್ನಿ ಬಂದಿಲ್ಲ’ ಎಂಬ ದೂರಿಗೆ ರೀಫಂಡ್ ನಿಮ್ಮ ಖಾತೆಯಿಂದಲೇ ಕಡಿತವಾಗಬಹುದು. ಬಿಲ್ ನಂಬರ್ ಕಾಣುವಂತೆ, ಸೀಲ್ ಹಾಕುವ ಮೊದಲು ತೆರೆದ ಚೀಲದ ಒಂದು ಫೋಟೊ ತೆಗೆದಿಡಿ. ಆ್ಯಪ್‌ನವರು ಕಳಿಸುವ ಸೆಟಲ್‌ಮೆಂಟ್ ಶೀಟ್ (ಕಡಿತ, ಪಾವತಿಗಳ ಲೆಕ್ಕಪಟ್ಟಿ) ಬಂದ ದಿನವೇ ಒಂದೊಂದು ಆರ್ಡರನ್ನೂ ನಿಮ್ಮ ಬಿಲ್ಲಿಗೆ ತಾಳೆ ನೋಡಿ. ಜಾಹೀರಾತಿನ ಕಡಿತ, ಅವಧಿ ಮುಗಿದರೂ ಓಡುತ್ತಿರುವ ಡಿಸ್ಕೌಂಟ್ ಸಿಕ್ಕಿಬೀಳುವುದು ಅಲ್ಲೇ. ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಎಂದು ಕಳೆದ 0.1 ಪರ್ಸೆಂಟ್ ಮಾತ್ರ ನಿಮ್ಮದೇ ದುಡ್ಡು, ಆದಾಯ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ.