ಕಾಲುವೆಯ ಕೊನೆಯ ಊರಿನಿಂದ ಹೊರಟವನು

1978ರಲ್ಲಿ ರಾಯಚೂರು ಜಿಲ್ಲೆಯ ಮಾನ್ವಿಯ ನಮ್ಮ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನನಗೆ, ದೇಶ ದೇಶ ಸುತ್ತಿದ ಅನುಭವವನ್ನು ಬರೆದುಕೊಡಬೇಕೆಂದು ಶಾಲೆಯ ಈ ಸಂಚಿಕೆಯ ಸಂಪಾದಕರು ಹೇಳಿದ್ದಾರೆ. ದೇಶಗಳ ಹೆಸರು ಹೇಳುವುದು ಸುಲಭ: ನೆದರ್ಲೆಂಡ್ಸ್, ಸುಡಾನ್, ಉಜ್ಬೇಕಿಸ್ತಾನ, ಶ್ರೀಲಂಕಾ. ಓದಲು ಹೋದ ಮೊದಲನೆಯದನ್ನು ಬಿಟ್ಟರೆ ಉಳಿದ ಮೂರೂ ಕಡೆ ನಾನು ಮಾಡಿದ್ದು ಒಂದೇ ಕೆಲಸ, ಕಾಲುವೆಯ ನೀರು ಕೊನೆಯ ಹೊಲಕ್ಕೆ ಏಕೆ ತಲುಪುವುದಿಲ್ಲವೆಂದು ಹುಡುಕುವುದು. ಆ ಪ್ರಶ್ನೆಯನ್ನು ನಾನು ಇಲ್ಲಿಂದಲೇ ಹೊತ್ತುಕೊಂಡು ಹೋಗಿದ್ದೆ.

ಕೊಪ್ಪಳ ಜಿಲ್ಲೆಯನ್ನು ಹಾದು ರಾಯಚೂರು ತಾಲ್ಲೂಕಿನಲ್ಲಿ ಮುಗಿಯುವ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ನಮ್ಮ ರೈತರು ಇಂದಿಗೂ ಅದನ್ನು ಮೈಲುಗಳಲ್ಲೇ ಎಣಿಸುತ್ತಾರೆ. ಬರದ ಸೀಮೆಯ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ನೀರನ್ನು ತೆಳುವಾಗಿ ಹಂಚುವುದು ಯೋಜನೆಯ ಉದ್ದೇಶವಾಗಿತ್ತು, ಭತ್ತಕ್ಕೆ ಗೊತ್ತುಮಾಡಿದ್ದು ಮಿತವಾದ ಕ್ಷೇತ್ರ ಮಾತ್ರ. ಆದರೆ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಭತ್ತವೇ ಹರಡಿಕೊಂಡಿತು, ಕೆಳಭಾಗದ ನಮ್ಮಂಥವರ ಪಾಲಿಗೆ ಗೇಜ್, ಅಂದರೆ ನೀರಿನ ಮಟ್ಟ, ಇಳಿದ ಕಾಲುವೆ ಉಳಿಯಿತು. ನಮ್ಮ ಪಾಳಿ ಬಂದ ರಾತ್ರಿಗಳಲ್ಲಿ ಅಪ್ಪ ಕಂಬಳಿ ಹೊದ್ದು, ಲಾಟೀನು ಇಟ್ಟುಕೊಂಡು ತೂಬಿನ ಬಳಿಯೇ ಮಲಗುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿ ಗಣಿತದ ಮಾಸ್ತರು ನಮ್ಮನ್ನು ಉಪಕಾಲುವೆಯ ದಂಡೆಗೆ ಕರೆದೊಯ್ದು, ಹಗ್ಗದಿಂದ ನೂರು ಅಡಿ ಅಳೆಸಿ, ಒಣಗಿದ ಜೋಳದ ದಂಟಿನ ತುಂಡೊಂದನ್ನು ನೀರಿಗೆ ಬಿಡಿಸಿ, ಅಷ್ಟು ದೂರ ಸಾಗಲು ಅದಕ್ಕೆ ಎಷ್ಟು ಸೆಕೆಂಡು ಬೇಕಾಯಿತೆಂದು ತಮ್ಮ ಕೈಗಡಿಯಾರ ನೋಡಿ ಹೇಳಿದರು. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಆ ವೇಗವನ್ನು 0.85ರಿಂದ ಗುಣಿಸಬೇಕು, ಬಂದದ್ದನ್ನು ಹರಿಯುವ ನೀರಿನ ಅಗಲ ಮತ್ತು ಆಳದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬ ಕ್ಯೂಸೆಕ್ ಲೆಕ್ಕ ಸಿಗುತ್ತದೆ. ಸಂಜೆ ಮನೆಯಲ್ಲಿ ಉತ್ತರ ಹೇಳಿದಾಗ ಅಪ್ಪ, “ಇಷ್ಟು ದಿನ ನೀರು ಕಡಿಮಿ ಅಂತಿದ್ವಿ, ಎಷ್ಟು ಕಡಿಮಿ ಅಂತ ಇವತ್ತು ಗೊತ್ತಾತು” ಎಂದರು.

ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಇಲ್ಲಿಯೇ ದುಡಿದ ಮೇಲೆ 1989ರಲ್ಲಿ ಉನ್ನತ ವ್ಯಾಸಂಗಕ್ಕೆಂದು ನೆದರ್ಲೆಂಡ್ಸಿನ ಡೆಲ್ಫ್ಟ್ ನಗರಕ್ಕೆ ಹೋದೆ. ಅಲ್ಲಿ ಎಲ್ಲರ ಬಾಯಲ್ಲೂ 1953ರ ಮಾತು. ಆ ವರ್ಷದ ಫೆಬ್ರುವರಿ 1ರಂದು ಸಮುದ್ರ ಉಕ್ಕಿ 1,800ಕ್ಕೂ ಹೆಚ್ಚು ಜನ ಸತ್ತಿದ್ದರು. ತುಂಗಭದ್ರೆಯ ನೀರು ನಮ್ಮ ಸೀಮೆಯ ಕಾಲುವೆಗಳತ್ತ ತಿರುಗಿದ್ದೂ ಅದೇ ವರ್ಷ. ಅವರು ನೀರನ್ನು ಹೊರಗೆ ಹಾಕುವುದನ್ನು ಕಲಿಸುತ್ತಿದ್ದರು, ನಾನು ಒಳಗೆ ತರುವುದನ್ನು ಕೇಳುತ್ತಿದ್ದೆ.

1991ರಿಂದ ಐದು ವರ್ಷ ಸುಡಾನಿನ ವಾದ್ ಮದನಿಯಲ್ಲಿದ್ದೆ. ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳ ನಡುವಿನ ಗೆಜಿರಾ ಬಯಲಿಗೆ 1925ರಲ್ಲಿ ಮುಗಿದ ಸೆನ್ನಾರ್ ಅಣೆಕಟ್ಟಿನಿಂದ ನೀರು ಬರುತ್ತದೆ. ಮೊದಲ ದಿನ ಬೂಟಿಗೆ ಮೆತ್ತಿದ್ದು ನಮ್ಮ ಎರೆಹೊಲದ ಮಣ್ಣೇ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು ಮಳೆಯಲ್ಲಿ ಕಾಲು ಕೀಳಗೊಡದ ಕಪ್ಪು ಮಣ್ಣು. ಊಟಕ್ಕೆ ಬಂದ ಕಿಸ್ರಾ ಕೂಡ ಜೋಳದ್ದೇ. ಹಿಟ್ಟನ್ನು ಹುಳಿ ಬರಿಸಿ ಕಾಗದದಷ್ಟು ತೆಳ್ಳಗೆ ಹುಯ್ಯುತ್ತಾರೆ. ರೊಟ್ಟಿ ಬಡಿಯುವ ಸದ್ದೇ ಇಲ್ಲದ ಜೋಳದ ಊಟ ನನ್ನ ಹೆಂಡತಿಗೆ ಕಡೆಯವರೆಗೂ ಒಗ್ಗಲಿಲ್ಲ. ಲೆಕ್ಕಕ್ಕೆ ಅವರೂ ಹಿಸಾಬ್ ಎನ್ನುತ್ತಿದ್ದರು. ನಿಜಾಮರ ಕಾಲದ ಉರ್ದು ಇನ್ನೂ ನಾಲಗೆಯ ಮೇಲಿರುವ ರಾಯಚೂರು ಸೀಮೆಯವನಿಗೆ ಅರಬ್ಬಿ ಪೂರ್ತಿ ಪರಕೀಯವೆನಿಸಲಿಲ್ಲ.

ಗೆಜಿರಾದ ಕಿರುಗಾಲುವೆಗಳನ್ನು ಬೇಕೆಂದೇ ಅಗಲವಾಗಿ ತೋಡಿದ್ದರು. ರಾತ್ರಿ ಬಂದ ನೀರು ಅವುಗಳಲ್ಲೇ ನಿಲ್ಲಬೇಕು, ಹಗಲು ಮಾತ್ರ ಹೊಲಕ್ಕೆ ಹರಿಯಬೇಕು, ರೈತ ರಾತ್ರಿ ಮನೆಯಲ್ಲಿ ಮಲಗಬೇಕು. ಈ ಏರ್ಪಾಟು ತಿಳಿದ ದಿನ ಅಪ್ಪನ ಲಾಟೀನು ಕಣ್ಣಮುಂದೆ ಬಂತು. ಆದರೆ ನಾನು ಹೋಗುವಷ್ಟರಲ್ಲಿ ನೈಲ್ ನದಿಯ ಹೂಳು ಮತ್ತು ಕಳೆ ಆ ಕಾಲುವೆಗಳನ್ನು ತುಂಬಿ, ಎಷ್ಟೋ ಕಡೆ ಅಲ್ಲಿಯ ರೈತರೂ ರಾತ್ರಿ ನೀರು ಕಟ್ಟಲು ಶುರು ಮಾಡಿದ್ದರು. ವೇಗ ಅಳೆಯುವ ಉಪಕರಣ ಕೆಟ್ಟು, ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದಾಗ ನಾನು ಜೋಳದ ದಂಟನ್ನೇ ನೀರಿಗೆ ಬಿಟ್ಟೆ. ಮಾಸ್ತರ 0.85 ಅಲ್ಲಿಯೂ ನಡೆಯಿತು. 2023ರಲ್ಲಿ ಯುದ್ಧ ವಾದ್ ಮದನಿಯವರೆಗೂ ಬಂತು, ಜೊತೆಗೆ ದುಡಿದ ಇಬ್ಬರ ಸುದ್ದಿ ಇಂದಿಗೂ ತಿಳಿದಿಲ್ಲ.

ಉಜ್ಬೇಕಿಸ್ತಾನದ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳನ್ನು ಮೇಲ್ಭಾಗದ ಹತ್ತಿ ಹೊಲಗಳಿಗೆ ತಿರುಗಿಸಿದ್ದರಿಂದ ಕೊನೆಯಲ್ಲಿದ್ದ ಅರಲ್ ಸಮುದ್ರವೇ ಬತ್ತಿತು. ಒಂದು ಕಾಲದಲ್ಲಿ ಅದರ ಬಂದರಾಗಿದ್ದ ಮೊಯ್ನಾಕ್‌ನಲ್ಲಿ ಹಡಗುಗಳು ಮರಳಿನ ಮೇಲೆ ನಿಂತಿವೆ. ಚಳಿಗಾಲದ ಕೊನೆಗೆ ಉಪ್ಪು ತೊಳೆಯಲೆಂದೇ ಹೊಲಗಳಿಗೆ ನೀರು ತುಂಬುವುದನ್ನು ನೋಡಿದಾಗ ಸಿರುಗುಪ್ಪ, ಸಿಂಧನೂರಿನ ಸವಳು ಭೂಮಿ ನೆನಪಾಗುತ್ತಿತ್ತು. ಈ ಅಲೆದಾಟದಲ್ಲಿ ಮಗಳು ಐದು ಶಾಲೆ ಬದಲಾಯಿಸಿದಳು. ನನ್ನಂತೆ ಒಂದೇ ಶಾಲೆಯ ಬಗ್ಗೆ ಇಷ್ಟು ಬರೆಯುವ ಅವಕಾಶ ಅವಳಿಗಿಲ್ಲ.

ಉತ್ತರವೆನ್ನಬಹುದಾದದ್ದು ಸಿಕ್ಕಿದ್ದು ಶ್ರೀಲಂಕಾದ ಒಣಸೀಮೆಯ ಕೆರೆಗಳ ಕೆಳಗೆ, ಅದೂ ಎಂಜಿನಿಯರುಗಳು ಹುಡುಕಿದ್ದಲ್ಲ. ಅಲ್ಲಿ ‘ಬೆತ್ಮ’ ಎಂಬ ಹಳೆಯ ಪದ್ಧತಿಯಿದೆ. ಕೆರೆಯಲ್ಲಿ ನೀರು ಕಡಿಮೆಯಿದ್ದ ಹಂಗಾಮಿನಲ್ಲಿ ತೂಬಿನ ಹತ್ತಿರದ ಗದ್ದೆಗಳಲ್ಲಿ ಮಾತ್ರ ಬೆಳೆ ಇಡುತ್ತಾರೆ. ಆ ಗದ್ದೆಗಳನ್ನು ಆ ಹಂಗಾಮಿನ ಮಟ್ಟಿಗೆ ಕೊನೆಯ ಭಾಗದವರಿಗೂ ಹಂಚುತ್ತಾರೆ. ನೀರನ್ನು ಕೊನೆಯವನ ಬಳಿಗೆ ಒಯ್ಯುವ ಬದಲು ಕೊನೆಯವನನ್ನೇ ನೀರಿನ ಬಳಿಗೆ ಕರೆಯುತ್ತಾರೆ.

ನಿವೃತ್ತನಾಗಿ 2019ರಲ್ಲಿ ರಾಯಚೂರಿಗೆ ಮರಳಿದೆ. 133 ಟಿಎಂಸಿ ಅಡಿ ನೀರು ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಹಿಡಿಯುವುದು 105ರ ಆಸುಪಾಸು. ಕೊರತೆ ಮೊದಲು ಯಾವ ತುದಿಗೆ ತಟ್ಟುತ್ತದೆಂಬುದನ್ನು ಮಾನ್ವಿಯವರಿಗೆ ಹೇಳಬೇಕಿಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಕಾರಟಗಿಗೆ. ಅವರದು ಕಾಲುವೆಯ ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ ತೆಗೆಯುವ ಮನೆ. ಒಮ್ಮೆ ಅಲ್ಲಿ ಊಟಕ್ಕೆ ಕುಳಿತಾಗ ಬೆತ್ಮದ ವಿಷಯವನ್ನೂ, ಭತ್ತ ಕಡಿಮೆ ಮಾಡಿದರೆ ನಮ್ಮೂರಿಗೆ ಎಷ್ಟು ನೀರು ಬರುತ್ತದೆಂಬುದನ್ನೂ ಲೆಕ್ಕ ಹಾಕಿ ವಿವರಿಸಿದೆ. ಮಾವ ತಲೆ ಎತ್ತದೆ ಉಣ್ಣುತ್ತಿದ್ದರು. ಬಡಿಸುತ್ತಿದ್ದ ಅಕ್ಕ, “ಹಂಗಾರ ಈ ವರ್ಷ ನಿಮ್ಮನಿಗೆ ಅಕ್ಕಿ ಚೀಲ ಕಳ್ಸೋದು ಬ್ಯಾಡೇನೋ ತಮ್ಮಾ?” ಎಂದಳು. ಸಂಕ್ರಾಂತಿಯ ಹೊತ್ತಿಗೆ ಎಂದಿನಂತೆ ಚೀಲ ಬಂತು, ನಾನು ಇಳಿಸಿಕೊಂಡೆ.