ಮುಸ್ತಾಂಗ್‌ಗೆ ಸೈಕಲ್ ಒಯ್ಯುವವರು ಮೊದಲು ಬಸ್ಸು ಮತ್ತು ಗಾಳಿಯ ಬಗ್ಗೆ ಯೋಚಿಸಿ
ನೇಪಾಳದ ಮುಸ್ತಾಂಗ್‌ಗೆ ಮೌಂಟೇನ್ ಬೈಕಿಂಗ್‌ಗೆ ಹೊರಟಿದ್ದೀರಾ? ಹಾಗಾದರೆ ದಯವಿಟ್ಟು ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಬೇಡಿ. ಪೋಖರಾದಲ್ಲಿ ಟಿಕೆಟ್ ಕೊಡುವಾಗ ಸೈಕಲ್‌ಗೂ ಸೇರಿಸಿಯೇ ನಮ್ಮಿಂದ ದುಡ್ಡು ತೆಗೆದುಕೊಂಡಿದ್ದರು. ದಾರಿಯಲ್ಲಿ ಸಿಗುವ ಬೇನಿ ಊರು ತಲುಪಿದ ಮೇಲೆ ಕಂಡಕ್ಟರ್ ಮತ್ತೆ ಕೈ ಚಾಚಿದ. ಒಂದೊಂದು ಸೈಕಲ್‌ಗೂ ಒಂದೊಂದು ಸೀಟಿನ ದರ ಬೇಕಂತೆ, ಇಲ್ಲದಿದ್ದರೆ ಇಲ್ಲೇ ಇಳಿಸುತ್ತಾನಂತೆ. ಚೀಟಿ ತೋರಿಸಿದರೆ ನೋಡಲೂ ಇಲ್ಲ. ಕೊನೆಗೆ ಕೊಟ್ಟೆವು.

ದುಡ್ಡು ಹೋಗಿದ್ದಕ್ಕಿಂತ ಹೊಟ್ಟೆ ಉರಿದಿದ್ದು ಕಟ್ಟಿದ ರೀತಿ ನೋಡಿ. ಗೇರ್ ಇರುವ ಬದಿಯನ್ನೇ ಕೆಳಗೆ ಮಾಡಿ ಮಲಗಿಸಿದ್ದ, ಮೇಲೆ ಅಕ್ಕಿ ಮೂಟೆ. ಬೇನಿಯಿಂದ ಮೇಲಿನ ರಸ್ತೆ ಹೇಗಿದೆ ಅಂದರೆ, ಒಳಗೆ ಕೂತ ನಮಗೇ ತಲೆ ಸೀಲಿಂಗ್‌ಗೆ ಹೊಡೆಯುತ್ತಿತ್ತು. ಮುಸ್ತಾಂಗ್‌ನ ಮುಖ್ಯ ಪಟ್ಟಣ ಜೋಮ್‌ಸೋಮ್‌ನಲ್ಲಿ ಇಳಿಸಿ ನೋಡಿದರೆ ಗೆಳೆಯನ ಸೈಕಲ್‌ನ ಡಿರೇಲರ್ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಇದು ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮ್‌ಗೆ ಹಿಡಿದಿಡುವ ಬೆರಳುದ್ದದ ಅಲ್ಯೂಮಿನಿಯಂ ತುಂಡು. ಪೆಟ್ಟು ಬಿದ್ದಾಗ ಫ್ರೇಮ್ ಉಳಿಯಲಿ, ತಾನು ಹೋಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಫ್ರೇಮ್‌ಗೂ ಅದರ ಆಕಾರ ಬೇರೆ. ಜೋಮ್‌ಸೋಮ್ ಬಿಡಿ, ಕಠ್ಮಂಡುವಿನಲ್ಲೂ ನಿಮ್ಮ ಮಾಡೆಲ್‌ದು ಸಿಕ್ಕೇ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಅವನ ಬ್ಯಾಗಿನಲ್ಲಿ ಇನ್ನೊಂದು ಇತ್ತು, ಅದರಿಂದ ಪ್ರವಾಸ ಉಳಿಯಿತು. ನೀವು ಎರಡು ಒಯ್ಯಿರಿ. ಬ್ರೇಕ್ ಪ್ಯಾಡ್ ಕೂಡ ಒಂದು ಜೊತೆ ಜಾಸ್ತಿ ಇರಲಿ.

ನಾಲ್ಕು ಜನ ಇದ್ದರೆ ಪೋಖರಾದಿಂದ ಒಂದು ಜೀಪ್ ಪೂರ್ತಿ ಹಿಡಿಯಿರಿ, ಸೈಕಲ್ ನೀವೇ ನಿಂತು ಕಟ್ಟಿಸಿ, ಫ್ರೇಮ್ ತಾಗುವ ಕಡೆಯೆಲ್ಲ ಹಳೆ ಕಂಬಳಿ ಇಡಿ. ಖರ್ಚು ಜಾಸ್ತಿ ಆಗುತ್ತದೆ, ಆಗಲಿ. ಪೋಖರಾ–ಜೋಮ್‌ಸೋಮ್ ವಿಮಾನವೂ ಇದೆ, ಆದರೆ ಅವು ಸಣ್ಣ ವಿಮಾನಗಳು. ನಿಮ್ಮ ಜೊತೆಗೇ ಸೈಕಲ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಇ-ಬೈಕ್ ಇರುವವರು ಆಸೆ ಬಿಡಿ. ಅಷ್ಟು ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ.

ಇನ್ನು ಗಾಳಿ. ಇದನ್ನು ಲೆಕ್ಕಕ್ಕೆ ಹಿಡಿಯದೆ ದಿನದ ಪ್ಲಾನ್ ಹಾಕಿದರೆ ಎಲ್ಲ ಕೆಡುತ್ತದೆ. ಧವಳಗಿರಿ ಒಂದು ಕಡೆ, ಅನ್ನಪೂರ್ಣ ಇನ್ನೊಂದು ಕಡೆ, ಎರಡೂ 8,000 ಮೀಟರ್ ದಾಟಿದ ಶಿಖರಗಳು. ನಡುವಿನ ಸಂದಿಯಲ್ಲಿ ಕಾಲಿ ಗಂಡಕಿ ಹರಿಯುತ್ತದೆ. ಬಿಸಿಲೇರಿದಂತೆ ಮೇಲಿನ ಒಣ ನೆಲ ಕಾಯುತ್ತದೆ, ಕೆಳಗಿನ ಗಾಳಿ ಈ ಸಂದಿಯೊಳಗಿಂದ ದಕ್ಷಿಣದಿಂದ ಉತ್ತರಕ್ಕೆ ನುಗ್ಗುತ್ತದೆ. ಬೆಳಿಗ್ಗೆ 10–11ರ ಹೊತ್ತಿಗೆ ಶುರುವಾದರೆ ಸಂಜೆವರೆಗೂ ಬಿಡುವುದಿಲ್ಲ. ವಿಮಾನಗಳೂ ಅದಕ್ಕೇ ಬೆಳಿಗ್ಗೆ ಮಾತ್ರ ಹಾರುತ್ತವೆ. ಜೋಮ್‌ಸೋಮ್‌ನಿಂದ ಉತ್ತರದ ಕಾಗ್‌ಬೇನಿ ಕಡೆ ಹೋಗುವವರನ್ನು ಇದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ವಾಪಸ್ ಬರುವಾಗ ಮಾತ್ರ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು, ಹಲ್ಲಿನ ಸಂದಿಯಲ್ಲೆಲ್ಲ ಮರಳು. ಹಾಗಾಗಿ ಮೇಲೆ ಹೋಗುವುದು ಯಾವಾಗಲಾದರೂ ಹೋಗಿ, ಕೆಳಗೆ ಬರುವ ದಿನ ಮಾತ್ರ ಬೆಳಕು ಹರಿಯುವಾಗಲೇ ಹೊರಡಿ.

ಯಾತ್ರಾಸ್ಥಳ ಮುಕ್ತಿನಾಥ ಸುಮಾರು 3,700 ಮೀಟರ್ ಎತ್ತರದಲ್ಲಿದೆ, ಪೋಖರಾ 1,000 ಮೀಟರ್ ಕೂಡ ಇಲ್ಲ. ಒಂದೇ ದಿನಕ್ಕೆ ಹತ್ತಿದರೆ ತಲೆನೋವು, ವಾಂತಿ ಬರಬಹುದು, ಹುಷಾರು. ಕಾಗ್‌ಬೇನಿಯಲ್ಲಿ ಉಳಿದು ಹೋಗಿ, ಊರೂ ಚಂದ ಇದೆ. ಅಲ್ಲಿಂದ ಉತ್ತರಕ್ಕೆ ಸುಮ್ನೆ ಮುಂದುವರಿಯುವ ಹಾಗಿಲ್ಲ. ಅದಕ್ಕೆ ಡಾಲರ್ ಲೆಕ್ಕದ ಬೇರೆ ಪರ್ಮಿಟ್ ಬೇಕು, ಭಾರತೀಯರಿಗೂ ರಿಯಾಯಿತಿ ಇಲ್ಲ.

ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಈ ಗಂಡಕಿಯದೇ ಅಲ್ವಾ, ಮುಕ್ತಿನಾಥದಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯ ಇಲ್ಲ. ಆದರೆ ಗುಡಿಯ ಕೆಳಗಿನ ರಾಣಿಪೌವಾದಲ್ಲಿ ನನಗೆ ನಿದ್ದೆಯೇ ಬರಲಿಲ್ಲ. ಬೆಳಗಿನ ಜಾವದಿಂದಲೇ ಯಾತ್ರಿಕರ ಜೀಪ್, ಹಾರನ್, ಬಾಗಿಲು ಬಡಿತ. ಗದ್ದಲ ಆಗದವರು ಸ್ವಲ್ಪ ಕೆಳಗಿನ ಝಾರ್ಕೋಟ್‌ನಲ್ಲಿ ರೂಮ್ ಕೇಳಿ.

ಇಷ್ಟು ದೂರ ಹೋಗುವುದು ಲುಬ್ರಾ ದಾರಿಗಾಗಿ. ಮುಕ್ತಿನಾಥದಿಂದ ಮೊದಲು ಏರು, ಕೆಲವು ಕಡೆ ಸೈಕಲ್ ತಳ್ಳಲೇಬೇಕು. ಆಮೇಲೆ ಬೋಳು ಗುಡ್ಡದ ಏಣಿನ ಮೇಲೆ ಕಾಲುದಾರಿ, ಎದುರಿಗೇ ಧವಳಗಿರಿ. ಟೈರ್ ಕೆಳಗಿನ ಜಲ್ಲಿ ಉರುಳಿ ಪಕ್ಕದ ಕಮರಿಗೆ ಬೀಳುವ ಸದ್ದು ಕೇಳುತ್ತದೆ. ಬ್ರೇಕ್ ಮೇಲೆ ಹಿಡಿತ ಇಲ್ಲದವರಿಗೆ ಈ ದಾರಿ ಬೇಡ. ಕೆಳಗೆ ಲುಬ್ರಾ, ಟಿಬೆಟ್‌ನ ಹಳೆಯ ಬೋನ್ ಧರ್ಮ ಪಾಲಿಸುವ ಪುಟ್ಟ ಹಳ್ಳಿ. ಅಲ್ಲಿಂದ ಹಳ್ಳದ ಪಾತ್ರದಲ್ಲೇ ಇಳಿದು ಗಂಡಕಿ ಸೇರಬೇಕು. ಹಳ್ಳದಲ್ಲಿ ನೀರು ಎಷ್ಟಿದೆ ಅಂತ ಹಿಂದಿನ ದಿನವೇ ಊರವರನ್ನು ಕೇಳಿ.

ಗಾಳಿ ಏಳುವ ಮೊದಲೇ ಜೋಮ್‌ಸೋಮ್‌ನಿಂದ ಕೆಳಗಿನ ಮಾರ್ಫಾ ಮುಟ್ಟಿದರೆ ಊಟ ನಿಮ್ಮ ಪಾಲಿಗೆ ಹಬ್ಬ. ಸುಣ್ಣ ಬಳಿದ ಮನೆಗಳು, ಚಪ್ಪಡಿ ಹಾಸಿದ ಓಣಿ. ಅಲ್ಲಿನ ಥಕಾಲಿ ಸಮುದಾಯದವರ, ಬೋರ್ಡ್ ಕೂಡ ಇಲ್ಲದ ಒಂದು ಮನೆಯಲ್ಲಿ ಒಲೆಯ ಪಕ್ಕ ಕೂರಿಸಿದರು. ಆ ಮನೆಯ ದಿದಿ ಕಬ್ಬಿಣದ ಬಾಣಲೆಯಲ್ಲಿ ಫಾಪರ್ (ಬಕ್‌ವೀಟ್) ಅನ್ನುವ ಅಲ್ಲಿನ ಧಾನ್ಯದ ಹಿಟ್ಟು ತೊಳಸಿ ಢಿಡೊ ಮಾಡಿದರು. ಥೇಟ್ ನಮ್ಮ ರಾಗಿಮುದ್ದೆ, ಮುರಿದು ಅದ್ದಿ ನುಂಗುವುದೂ ಹಾಗೆಯೇ. ತುಪ್ಪದಲ್ಲಿ ಜಿಂಬು ಸೊಪ್ಪಿನ ಒಗ್ಗರಣೆ ಹಾಕಿದ ಉದ್ದಿನ ದಾಲ್, ಹುಳಿ ಬರಿಸಿ ಒಣಗಿಸಿದ ಗುಂದ್ರುಕ್ ಸೊಪ್ಪಿನ ಪಲ್ಯ, ನಾಲಿಗೆ ಜುಮ್ಮೆನ್ನಿಸುವ ತಿಮುರ್ ಹಾಕಿದ ಮೂಲಂಗಿ ಉಪ್ಪಿನಕಾಯಿ. ತಟ್ಟೆ ಖಾಲಿಯಾಗಲು ಬಿಡಲೇ ಇಲ್ಲ, ಮತ್ತೆ ಬಡಿಸಿದ್ದಕ್ಕೆ ಬೇರೆ ದುಡ್ಡೂ ಇಲ್ಲ. ಪೋಖರಾದ ಕೆರೆ ದಂಡೆಯಲ್ಲಿ ಒಂದು ಕಾಫಿ, ಒಂದು ಕೇಕ್‌ಗೆ ಕೊಟ್ಟಷ್ಟೂ ಆಗಲಿಲ್ಲ. ಮಾಂಸ ತಿನ್ನದವರು ಮೊದಲೇ ಹೇಳಿದರೆ ಸಾಕು.

ಮಾರ್ಫಾದಿಂದ ಕೆಳಗೆ ಮುಖ್ಯ ರಸ್ತೆಯಲ್ಲಿ ಬರೀ ಧೂಳು. ನದಿ ದಾಟಿ ಛೈರೋ ಕಡೆಯ ದಾರಿ ಹಿಡಿಯಿರಿ.

ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮೇಲೆ ಮಳೆ ಕಡಿಮೆಯೇ, ಆದರೆ ಬೇನಿ–ತಾತೋಪಾನಿ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ. ಭಾರತದಿಂದ ನೇಪಾಳಕ್ಕೆ ವಿಮಾನದಲ್ಲಿ ಹೋಗಲು 15ರಿಂದ 65 ವರ್ಷದವರಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಬೇಕು, ಆಧಾರ್ ನಡೆಯುವುದಿಲ್ಲ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಪೋಖರಾದಲ್ಲೇ ಮಾಡಿಸಿ, ಸಾರ್ಕ್ ದೇಶದವರ ದರ ಕೇಳಿ ಪಡೆಯಿರಿ. ವಿಮೆ ಮಾಡಿಸುವಾಗ ಎರಡು ವಿಷಯಕ್ಕೆ ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ: ಮೌಂಟೇನ್ ಬೈಕಿಂಗ್ ಸೇರಿದೆಯಾ, 4,000 ಮೀಟರ್ ಎತ್ತರದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಕೊಡುತ್ತಾರಾ. ಫೋನಿನಲ್ಲಿ ಹೂಂ ಅಂದಿದ್ದನ್ನು ನಂಬಿ ಹೊರಡಬೇಡಿ.